ಬಲಗಡೆಯ ಅರ್ಧ ಬೆರಳು

ಬಾಲಗಾಂವದ ಅಮಸಿದ್ದನಿಗೆ ಇನ್ನೂರು ಕುರಿಗಳ ಬೆನ್ನು ಗೊತ್ತಿತ್ತು. ಮಬ್ಬುಗತ್ತಲಲ್ಲಿ ಹಟ್ಟಿಯೊಳಗೆ ಕೈ ಆಡಿಸಿ, ಇದು ಬೋಳಿ, ಇದು ಕರಿಗಿವಿ, ಇದು ಹೋದ ವರ್ಷ ಹಳ್ಳಕ್ಕೆ ಬಿದ್ದದ್ದು ಎಂದು ಹೇಳಬಲ್ಲವನಾಗಿದ್ದ. ಆದರೆ ಹೆಂಡತಿ ಸಂಗವ್ವನ ಬೆನ್ನನ್ನು ಲಗ್ನವಾಗಿ ಇಪ್ಪತ್ತೆರಡು ವರ್ಷಗಳಾದರೂ ಹಗಲ ಬೆಳಕಿನಲ್ಲಿ ನೋಡಿರಲಿಲ್ಲ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ, ಆ ಕಾಲದಲ್ಲಿ ಯಾವ ಗಂಡನೂ ನೋಡುತ್ತಿರಲಿಲ್ಲ. ತಪ್ಪು ಆದದ್ದು ನೋಡಿದ ಮೇಲೆ.

ಅಮಸಿದ್ದ ಬರೀ ಕುರಿ ಕಾಯುವವನಲ್ಲ. ಉಳುಕು ತೆಗೆಯುವವನು, ಎಲುಬು ಕೂಡಿಸುವವನು. ಉಟಗಿ, ತಿಕೋಂಡಿಯಿಂದಲೂ ಜನ ಕೈ ಕುತ್ತಿಗೆಗೆ ಕಟ್ಟಿಕೊಂಡು ಅವನ ಕಟ್ಟೆಗೆ ಬರುತ್ತಿದ್ದರು. ವಿದ್ಯೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಕುರಿಗಳಿಂದ ಬಂದದ್ದು. ಕುರಿಯ ಮುಂಗಾಲು ಮೈಗೆ ಎಲುಬಿನಿಂದ ಕೂಡಿರುವುದಿಲ್ಲ. ಪಕ್ಕೆಲುಬಿನ ಮೇಲೆ ಅಗಲವಾದ, ಚಪ್ಪಟೆಯಾದ ಒಂದು ಎಲುಬು ಇದೆ. ಅದು ಮಾಂಸದ ಹಿಡಿತದಲ್ಲಿಯೇ ಅತ್ತಿತ್ತ ಜಾರುತ್ತಿರುತ್ತದೆ. ಆ ಮನೆಯವರು ಅದಕ್ಕೆ ಹಲಗಿ ಅನ್ನುತ್ತಿದ್ದರು. ಕುರಿ ಮುಂಗಾಲು ಕುಂಟಿದರೆ ಗೊರಸು ನೋಡು, ಮುಳ್ಳಿಲ್ಲದಿದ್ದರೆ ಹಿಂದೆ ನಿಂತು ಎರಡೂ ಹಲಗಿ ಸಮ ಇವೆಯೋ ನೋಡು, ಒಂದು ಇಳಿದಿದ್ದರೆ ಎತ್ತಿ ಕಟ್ಟು, ಒಂಬತ್ತು ದಿನ ಬಿಚ್ಚಬೇಡ. ಅಪ್ಪ ಹೇಳಿಕೊಟ್ಟದ್ದು ಇಷ್ಟು. ಮನುಷ್ಯರಿಗೂ ಬೆನ್ನ ಮೇಲೆ ಅಂಥದೇ ಎರಡು ಹಲಗಿ ಇರುವುದರಿಂದ ಅಮಸಿದ್ದ ಬೇರೆ ವಿದ್ಯೆ ಕಲಿಯುವ ತೊಂದರೆ ತೆಗೆದುಕೊಳ್ಳಲಿಲ್ಲ.

ಅರವತ್ತೇಳನೆಯ ಇಸವಿಯ ದೀಪಾವಳಿಯ ಸುಮಾರಿಗೆ ಸಂಗವ್ವನ ಬಲಹೆಗಲು ನೋಯತೊಡಗಿತು. ಅವಳು ಮೊದಲು ಯಾರಿಗೂ ಹೇಳಲಿಲ್ಲ. ಜಡೆ ಹೆಣೆದುಕೊಳ್ಳುವಾಗ ಕೈ ಅರ್ಧಕ್ಕೇ ನಿಂತಿತು, ಸಡಿಲವಾಗಿ ಗಂಟು ಹಾಕಿಕೊಂಡು ಸೆರಗು ಹೊದ್ದಳು. ನೆಲುವಿನ ಮೇಲಿನ ಗಡಿಗೆ ಎಡಗೈಗೆ ಬಂತು. ರೊಟ್ಟಿ ಬಡಿಯುವುದು ಮಾತ್ರ ಎಡಗೈಯಿಂದ ಆಗುವ ಕೆಲಸವಲ್ಲ. ಒಂದು ದಿನ ಅಮಸಿದ್ದನ ತಾಟಿಗೆ ದಪ್ಪನೆಯ, ಅಂಚು ಸೀಳಿದ ರೊಟ್ಟಿ ಬಿತ್ತು. ಅವನು ತಲೆ ಎತ್ತಿ ನೋಡಿದ. ಸಂಗವ್ವ ಒಲೆಯ ಮುಂದೆ ಹಲ್ಲು ಕಚ್ಚಿಕೊಂಡು ಕುಳಿತಿದ್ದಳು. ಮರುದಿನದಿಂದ ಬಾಜೂ ಮನೆಯ ಯಮನವ್ವ ತನ್ನ ರೊಟ್ಟಿಯ ಜೊತೆ ಇವರದನ್ನೂ ಬಡಿದು ಕೊಡತೊಡಗಿದಳು.

ರೊಟ್ಟಿಯ ಚಿಂತೆ ಸಂಗವ್ವನಿಗೆ ಅಷ್ಟಿರಲಿಲ್ಲ. ಅವಳ ಒಬ್ಬಳೇ ಮಗಳು ಹಣಮವ್ವನನ್ನು ತಿಕೋಂಡಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಶಿವರಾತ್ರಿ ಕಳೆದ ಮೇಲೆ ತವರಿಗೆ ಬರುವವಳು. ಹುಟ್ಟಿದ ಕೂಸನ್ನು ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆಯಬೇಕು. ಸಂಗವ್ವನಿಗೆ ಅವಳ ಅಜ್ಜಿ ಎರೆದಿದ್ದಳು, ಹಣಮವ್ವನಿಗೆ ಸಂಗವ್ವನ ಅವ್ವ ಎರೆದಿದ್ದಳು. ಈ ಸಲ ತನ್ನ ಪಾಳಿ. ಅದಕ್ಕಾಗಿ ಅವಳು ಹರಳೆಣ್ಣೆ ತೆಗೆದಿಟ್ಟಿದ್ದಳು, ಹಳೆಯ ಸೀರೆ ಹರಿದು ಬಟ್ಟೆ ಮಾಡಿದ್ದಳು. ಕೈ ಒಂದು ಮಾತ್ರ ಇರಲಿಲ್ಲ.

“ಈ ಕೈಲೆ ಎಣ್ಣಿ ಮೈ ಕೂಸ ಹಿಡದ್ರ ಜಾರಿ ಬೀಳತೈತ್ರಿ,” ಅಂದಳು ಗಂಡನಿಗೆ. “ಯಮನವ್ವಗ ಎರಿಯಾಕ ಹೇಳಿದ್ರ ಎರೀತಾಳ. ಆದರ ನಾ ಬಾಜೂಕ ಕುಂತ ನೋಡಬೇಕೇನು?”

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದವು. ಅಮಸಿದ್ದನಿಗೆ ಸಂಕಟವಾಯಿತು. ಊರವರ ಎಲುಬು ಕೂಡಿಸುವವನ ಮನೆಯಲ್ಲಿಯೇ ಹೀಗಾದರೆ ನಾಲ್ಕು ಮಂದಿ ಏನಂದಾರು ಎಂಬುದೂ ತಲೆಯೊಳಗೆ ಸುಳಿಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಅವನೇನೂ ಹಟಮಾರಿಯಲ್ಲ. ಮೊದಲು ಅವಳನ್ನು ಎಸ್ಟಿ ಬಸ್ಸಿನಲ್ಲಿ ಕೂಡಿಸಿಕೊಂಡು ತಾಲೂಕಿನ ಊರು ಜತ್ತಕ್ಕೆ ಕರೆದೊಯ್ದು ಒಬ್ಬ ಡಾಕ್ಟರರಿಗೆ ತೋರಿಸಿದ. ಡಾಕ್ಟರರು ಅವಳ ಕೈ ಹಿಡಿದು ಮೇಲೆ ಕೆಳಗೆ ಮಾಡಿ, ಹೆಗಲು ಬಿಗಿದುಕೊಂಡಿದೆ, ಗುಳಿಗೆ ತಿನ್ನಲಿ, ಆದರೆ ಕೈ ಆಡಿಸುವುದನ್ನು ಬಿಡಬಾರದು ಎಂದು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಅಮಸಿದ್ದ ಗೋಣು ಹಾಕಿದ. ಎಸ್ಟಿ ಸ್ಟ್ಯಾಂಡಿಗೆ ಬಂದು ನಕ್ಕುಬಿಟ್ಟ.

“ಕುಂಟೂ ಕುರಿಗಿ ಓಡಾಡ ಅಂತಾರೇನು? ಹಿಡದ ಕಟ್ಟಬೇಕು. ಬೆನ್ನ ನೋಡಲೇ ಇಲ್ಲ ಅಂವಾ. ಹೆಗಲ ಹೆಗಲ ಅಂತ ಹೆಗಲನ್ನಽ ಹಿಚುಕಿದ.”

“ಆಡಸು ಅಂದಾರಲ್ರಿ,” ಅಂದಳು ಸಂಗವ್ವ.

“ನಾ ನೋಡತೀನಿ, ಸುಮ್ನಿರು.”

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ, ಎಳೆಬಿಸಿಲು ಬೀಳುವ ಕಡೆಗೆ ಅವಳ ಬೆನ್ನು ಮಾಡಿಸಿ ಕೂಡಿಸಿದ. ಮನೆಯಲ್ಲಿ ಇಬ್ಬರೇ. ತಮ್ಮ ಬೀರದೇವ ಕುರಿ ಹೊಡೆದುಕೊಂಡು ನದಿ ಕಡೆಗೆ ಹೋಗಿದ್ದ. ಆದರೂ ಸಂಗವ್ವ ಕುಬಸದ ಮುಂದಿನ ಗಂಟು ಬಿಚ್ಚುವುದಕ್ಕೆ ಒಂದು ತಂಬಿಗೆ ನೀರು ಕಾಯುವಷ್ಟು ಹೊತ್ತು ತೆಗೆದುಕೊಂಡಳು. ಕುಬಸ ಇಳಿಯಿತು. ಅಮಸಿದ್ದ ಕಣ್ಣು ಕಿರಿದು ಮಾಡಿ ನೋಡಿದ.

ಬಲಗಡೆಯ ಹಲಗಿ ಎಡಗಡೆಗಿಂತ ಇಳಿದಿತ್ತು. ಸ್ವಲ್ಪ ಹೊರಗೂ ಚಾಚಿತ್ತು.

ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಕಳೆದ ಕುರಿ ಕಣ್ಣಿಗೆ ಬಿದ್ದಾಗ ಕೂಗು ಹಾಕುವ ಹಾಗೆ ಕೂಗು ಹಾಕಬೇಕೆನ್ನಿಸಿತು. “ಸಿಕ್ತು ನೋಡು. ಒಂದ ಬೆರಳ ಇಳದೈತಿ. ಇಳದ ಮ್ಯಾಲ ಬ್ಯಾನಿ ಆಗದ ಇರತೈತೇನು?” ಅಂದ. ಕಂಬಳಿಯ ಅಂಚು ಹರಿದು ಪಟ್ಟಿ ಮಾಡಿ, ಬಗಲಿನ ಕೆಳಗಿಂದ ತಂದು, ಬೆನ್ನ ಮೇಲೆ ಅಡ್ಡ ಎಳೆದು, ಎಡಹೆಗಲ ಮೇಲೆ ಹಾಯಿಸಿ, ಹಲಗಿಯನ್ನು ಮೇಲಕ್ಕೆತ್ತಿ ಕಟ್ಟಿದ. ತೋಳನ್ನೂ ಮೈಗೆ ಸೇರಿಸಿ ಬಿಗಿದ. ಎಷ್ಟಾದರೂ ಹೆಂಡತಿ, ಬೇರೆಯವರಿಗೆ ಹಾಕುವುದಕ್ಕಿಂತ ಒಂದು ಗಂಟು ಹೆಚ್ಚಿಗೇ ಹಾಕಿದ.

ಒಂಬತ್ತು ದಿನ ಸಂಗವ್ವ ಎಡಗೈಯಿಂದ ಉಂಡಳು, ಗೋಡೆಗೆ ಒರಗಿ ಮಲಗಿದಳು. ಹತ್ತನೆಯ ದಿನ ಬಿಚ್ಚಿದಾಗ ಎರಡೂ ಹಲಗಿ ಸಮ ಇದ್ದವು. ಅಮಸಿದ್ದ ಮೀಸೆಯ ಮೇಲೆ ಕೈ ಎಳೆದುಕೊಂಡ. ಮಧ್ಯಾಹ್ನಕ್ಕೆ ಬಲಗಡೆಯದು ಮತ್ತೆ ತನ್ನ ಜಾಗಕ್ಕೆ ಇಳಿದಿತ್ತು. ಕೈಯೋ, ಮೊದಲು ಎದೆಯ ಮಟ್ಟಕ್ಕೆ ಬರುತ್ತಿದ್ದದ್ದು ಈಗ ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ಬರುತ್ತಿರಲಿಲ್ಲ.

“ಕಟ್ಟಿದ ಮ್ಯಾಲ ಜಾಸ್ತಿ ಆಗೇತ್ರಿ,” ಅಂದಳು.

“ಕೂಡೂ ಎಲುಬ ನೂಸತೈತಿ. ಸಡಲ ಆಗಿತ್ತು ಕಟ್ಟು,” ಅಂದು ಮತ್ತೆ ಕಟ್ಟಿದ. ಇನ್ನೊಂಬತ್ತು ದಿನ. ಬಿಚ್ಚಿದ, ಇಳಿಯಿತು. ಮೂರನೆಯ ಸಲ ಕಟ್ಟಿದ. ಆ ಸಲ ಅವಳು ಕಟ್ಟು ಹಾಕುವಾಗ ಗೋಡೆಯ ಕಡೆಗೆ ನೋಡುತ್ತ ಕುಳಿತಿದ್ದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವನ ತಲೆ ಕೆಡತೊಡಗಿದ್ದು ಆಗ. ಇಷ್ಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಅಥವಾ ಆಗಿತ್ತೋ, ಬೇರೆ ಊರಿನವರು ತಿರುಗಿ ಬಂದು ಹೇಳಿರಲಿಲ್ಲವೋ? ಈ ವಿಚಾರ ಬಂದದ್ದೇ ತಡ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಇಳಿದ ಹಲಗಿಗೂ ಹೆಗಲ ಬೇನೆಗೂ ಇರುವ ಸಂಬಂಧವನ್ನು ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕೆಂದು ಬೆಳಿಗ್ಗೆ ಊರ ಬಾವಿಯ ಕಡೆಗೆ ಹೋದ. ಅಲ್ಲಿ ಗಂಡಸರು ಬರಿಮೈಯಲ್ಲಿ ಜಳಕ ಮಾಡುತ್ತಿರುತ್ತಾರೆ. ಬೆನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಮೊದಲು ಸಿಕ್ಕವನು ಗುರಪ್ಪ. ಗರಡಿಯಲ್ಲಿ ಪಳಗಿದ ಪೈಲ್ವಾನ, ಜೋಳದ ಚೀಲವನ್ನು ಒಬ್ಬನೇ ಎತ್ತಿ ಗಾಡಿಗೆ ಒಗೆಯುವವನು. ಅಮಸಿದ್ದ ಅವನ ಹಿಂದೆ ನಿಂತು ನೋಡಿದರೆ ಬಲಗಡೆಯ ಹಲಗಿ ಎರಡು ಬೆರಳು ಇಳಿದಿದೆ.

“ಗುರಪ್ಪಾ, ಬಲಗೈ ನೂಸತೈತಿ?”

“ಇಲ್ಲ ಕಾಕಾ.”

“ಒಂದೀಟೂ ಇಲ್ಲ? ಮೋಡ ಆದಾಗ?”

“ಇಲ್ಲ. ಯಾಕ, ನೂಸಬೇಕಾಗಿತ್ತೇನು?”

ಅಮಸಿದ್ದ ಮುಂದೆ ಹೋದ. ಮೆಟ್ಟಿಲ ಮೇಲೆ ಬಸಗೊಂಡ ಕುಳಿತಿದ್ದ. ಅವನಿಗೆ ನಾಲ್ಕು ವರ್ಷದಿಂದ ಹೆಗಲ ಬೇನೆ, ಊರಿಗೆಲ್ಲ ಗೊತ್ತು. ನೋಡಿದರೆ ಎರಡೂ ಹಲಗಿ ಅಳೆದು ಇಟ್ಟ ಹಾಗೆ ಸಮ. ಅಮಸಿದ್ದ ಹತ್ತಿರ ಹೋಗಿ ಬೆರಳಿಟ್ಟು ಮತ್ತೊಮ್ಮೆ ಅಳೆದ. ಸಮವೇ. ಇಂಥ ಚಂದದ ಬೆನ್ನಿನವನಿಗೆ ನೋಯುವುದೇಕೆ, ಅಂಥ ಸೊಟ್ಟ ಬೆನ್ನಿನವನು ಚೀಲ ಎತ್ತುವುದು ಹೇಗೆ? ಆ ವಾರ ಅವನು ಹದಿನೇಳು ಬೆನ್ನು ನೋಡಿದ. ಸೊಟ್ಟ ಇದ್ದವರಲ್ಲಿ ಕೆಲವರಿಗೆ ನೋವಿತ್ತು, ಕೆಲವರಿಗೆ ಇರಲಿಲ್ಲ. ನೆಟ್ಟಗಿದ್ದವರ ಕಥೆಯೂ ಅದೇ. ಜನ ಅವನು ಬಂದ ಕೂಡಲೆ ಟವೆಲು ಹೊದ್ದುಕೊಳ್ಳುವಷ್ಟಾಯಿತು.

ಕೊನೆಗೆ ಗುರಪ್ಪನೇ, “ಕಾಕಾ, ಎಲ್ಲಾರದೂ ನೋಡಿದಿ, ನಿಂದ ಯಾರ ನೋಡ್ಯಾರ? ತಿರಗು,” ಎಂದು ಅವನ ಅಂಗಿ ಎತ್ತಿಸಿದ. ನೋಡಿ, “ನಿಂದೂ ಎಡಗಡಿ ಇಳದೈತಿ ಬಿಡು,” ಅಂದ.

ಅಮಸಿದ್ದನಿಗೆ ಹುಟ್ಟಿದಾಗಿನಿಂದ ಹೆಗಲ ನೋವು ಬಂದಿರಲಿಲ್ಲ. ಆ ಮಾತು ಕೇಳಿದ್ದೇ ಎಡಹೆಗಲು ನೋಯತೊಡಗಿತು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನು ಉಜ್ಜಿಕೊಳ್ಳುತ್ತ ಬಂದ. ಇದು ನಿಜವಾದ ನೋವೋ, ಗುರಪ್ಪ ಕೊಟ್ಟ ನೋವೋ ಎಂದು ಅವನಿಗೆ ತಿಳಿಯಲಿಲ್ಲ. ಎರಡು ದಿನದ ಮೇಲೆ ಅದರ ನೆನಪು ಹೋಯಿತು, ನೋವೂ ಹೋಯಿತು. ಇದರಿಂದ ಅವನ ಗೊಂದಲ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮೂರನೆಯ ಕಟ್ಟಿಗೆ ಎಂಟು ದಿನವಾಗಿತ್ತು. ಅಂದು ಅವನ ಕಾಲು ತಾವಾಗಿ ದರ್ಜಿ ಬಾಬಾಲಾಲನ ಅಂಗಡಿಯ ಮುಂದೆ ನಿಂತವು. ಬಾಬಾಲಾಲ ಅಮಸಿದ್ದನಿಗಿಂತ ಎರಡು ಮೂರು ವರ್ಷ ಸಣ್ಣವನು, ಊರ ಹೆಂಗಸರ ಕುಬಸವನ್ನೆಲ್ಲ ಹೊಲಿಯುವವನು. ಇಪ್ಪತ್ತು ವರ್ಷಕ್ಕೂ ಮೇಲೆ ಮಷೀನಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿತ್ತು. ಇವನ ಹಲಗಿ ಹೇಗಿದ್ದೀತು ಎಂದು ನೋಡುವ ಆಸೆಯನ್ನು ಅಮಸಿದ್ದನಿಗೆ ತಡೆಯಲಾಗಲಿಲ್ಲ.

“ಬಾಬಾಲಾಲ, ಅಂಗಿ ತಗಿ.”

“ಯಾಕಣ್ಣಾ, ಜಳಕಾ ಮಾಡಸ್ತಿ ಏನ?” ಬಾಬಾಲಾಲನಿಗೆ ಸುದ್ದಿ ಮುಟ್ಟಿತ್ತು. ನಗುತ್ತಲೇ ಅಂಗಿ ಎತ್ತಿದ. ಎರಡೂ ಹಲಗಿ ಬೆನ್ನು ಬಿಟ್ಟು ಎದ್ದು ನಿಂತಿದ್ದವು.

“ಹೆಗಲ ಬ್ಯಾನಿ ಭಾಳ ಇರಬೇಕು ನಿನಗ.”

“ಹೆಗಲ ಚಲೋ ಐತಣ್ಣಾ. ಕಣ್ಣ ಕಾಣವಲ್ವು. ಸೂಜ್ಯಾಗ ದಾರ ಪೋಣಸಾಕ ಬರವಲ್ದು.”

ಅಮಸಿದ್ದ ಅಂಗಡಿಯ ಹೊಸ್ತಿಲ ಮೇಲೆ ಕುಸಿದ. ಮನಸ್ಸಿನಲ್ಲಿ ಇದ್ದದ್ದೆಲ್ಲ ಹೊರಗೆ ಬಂತು. “ನನಗ ಏನೂ ತಿಳೀವಲ್ದು ನೋಡಪಾ. ನಿಮ್ಮ ವೈನಿ, ಸಂಗವ್ವಂದು, ಬಲಗಡಿ ಹಲಗಿ ಒಂದ ಬೆರಳ ಇಳದೈತಿ. ಮೂರ ಸಲ ಎತ್ತಿ ಕಟ್ಟೀನಿ. ನಿಂದ್ರವಲ್ದು. ಕಟ್ಟಿದಷ್ಟೂ ಬ್ಯಾನಿ ಜಾಸ್ತಿ. ಶಿವರಾತ್ರಿ ಆದ ಮ್ಯಾಲ ಮಗಳ ಬರ್ತಾಳ. ಆಕಿ ಕೂಸಿಗಿ ಎರೀಬೇಕಂತ ಕುಂತಾಳ, ಕೈ ನೋಡಿದ್ರ ಕಟಗಿ ಆಗೇತಿ.”

ಬಾಬಾಲಾಲ ಕುಬಸಕ್ಕೆಂದು ಗುಳೇದಗುಡ್ಡದ ಖಣವೊಂದನ್ನು ಹಾಸಿ ಕತ್ತರಿಸುತ್ತಿದ್ದ. ಕೆಲಸದ ಭರದಲ್ಲಿ, ತಲೆ ಎತ್ತದೆ, “ಒಂದ ಬೆರಳ ಅಲ್ಲಣ್ಣಾ, ಅರ್ಧ ಬೆರಳ,” ಅಂದುಬಿಟ್ಟ.

ಕತ್ತರಿ ನಿಂತಿತು. ಬಾಬಾಲಾಲನ ಮುಖ ಬಿಳಿಚಿತು. ಅಮಸಿದ್ದ ನಿಧಾನಕ್ಕೆ ಎದ್ದು ನಿಂತ.

“ನನ್ನ ಹೇಂತಿ ಹೆಗಲ ಎಷ್ಟ ಇಳದೈತಿ ಅಂತ ನಿನಗ ಹ್ಯಾಂಗ ಗೊತ್ತು?”

“ಕುಂದ್ರಣ್ಣಾ.”

“ಕುಂದ್ರೂದಿಲ್ಲ. ಹೇಳು.”

ಅಮಸಿದ್ದನ ಕಿವಿ ಬಿಸಿಯಾಗಿದ್ದವು. ತಾನು ಇಪ್ಪತ್ತೆರಡು ವರ್ಷದಲ್ಲಿ ಕಾಣದ್ದನ್ನು ಇವನು ಯಾವಾಗ ಕಂಡ? ಸಿಟ್ಟೋ ನಾಚಿಕೆಯೋ, ಏನು ಬರುತ್ತಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಬಾಬಾಲಾಲ ಕತ್ತರಿ ಕೆಳಗಿಟ್ಟು ಎರಡೂ ಕೈ ಕೂಡಿಸಿದ.

“ಅಲ್ಲಾನ ಆಣಿ, ವೈನಿಗಿ ನಾ ಒಂದ ದಿನಾ ಟೇಪ ಹಚ್ಚಿಲ್ಲ. ಯಾರಿಗೂ ಹಚ್ಚೂದಿಲ್ಲ. ಅಳತಿಗಿ ಹಳೀ ಕುಬಸ ಕಳಸ್ತಾರ, ಅದನ್ನ ನೋಡಿ ಹೊಸಾದು ಹೊಲೀತೀನಿ, ನಿನಗ ಗೊತ್ತೈತಿ. ನಿಮ್ಮ ಲಗ್ನದ ಕುಬಸ ನಮ್ಮಪ್ಪ ನನಗ ಹೊಲಿಯಾಕ ಕೊಟ್ಟಿದ್ದ. ನಾ ಹೊಸದಾಗಿ ಕಲ್ಯಾಕತ್ತಿದ್ನಿ. ಎರಡೂ ಬಾಜೂ ಸಮಾ ಕತ್ತರಿಸಿ ಹೊಲದ್ನಿ. ಎರಡ ತಿಂಗಳಾಗ ತಿರಗಿ ಬಂತು. ಬಲಗಡಿ ಬಗಲಾಗ ಹರದಿತ್ತು, ಬೆನ್ನಾಗ ನಿರಿಗಿ ಬಿದ್ದಿತ್ತು. ನಮ್ಮಪ್ಪ ಕುಬಸ ಬೆಳಕಿಗಿ ಹಿಡದ ನೋಡಿ ಅಂದ, ಈ ಹುಡಿಗೀದು ಬಲಗಡಿ ಅರ್ಧ ಬೆರಳ ಕೆಳಗೈತಿ, ಇನ್ನ ಮ್ಯಾಲ ಇಳಸಿ ಕತ್ತರಸು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ಅವತ್ತಿನಿಂದ ಇವತ್ತಿನ ಮಟ ಇಳಿಸೇ ಕತ್ತರಸ್ತೀನಿ. ವೈನಿಗೂ ಗೊತ್ತಿಲ್ಲ. ಇವತ್ತ ಬಾಯಿ ಜಾರಿತು.”

ಅಮಸಿದ್ದ ಮತ್ತೆ ಹೊಸ್ತಿಲ ಮೇಲೆ ಕುಳಿತ. “ಲಗ್ನದಾಗಿಂದ ಹಾಂಗ ಐತಿ?” ಎಂದು ಕೇಳಿದ.

“ಲಗ್ನಕ್ಕಿಂತ ಮೊದಲಿಂದಽ ಇರಬೇಕು. ನಡುವ ಬ್ಯಾನಿ ಇತ್ತೇನು?”

ಇರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಅದೇ ಹೆಗಲಿನಿಂದ ನೀರು ಹೊತ್ತಿದ್ದಳು, ಅದೇ ಕೈಯಿಂದ ರೊಟ್ಟಿ ಬಡಿದಿದ್ದಳು, ಬೀಸಿದ್ದಳು, ಕಳೆ ಕಿತ್ತಿದ್ದಳು. ಅಂದರೆ ಅದು ಇಳಿದ ಹಲಗಿಯಲ್ಲ, ಅವಳ ಹಲಗಿ. ಇರುವ ಜಾಗದಲ್ಲಿ ಇದ್ದದ್ದನ್ನು ತಾನು ಇಪ್ಪತ್ತಾರು ದಿನ ಎಳೆದು ಎಳೆದು ಕಟ್ಟಿದ್ದ.

ಮನೆಗೆ ಬಂದಾಗ ಸಂಗವ್ವ ಪಡಸಾಲೆಯಲ್ಲಿ ಕುಳಿತು ಮೊರದೊಳಗಿನ ಗೋದಿಯ ಹರಳನ್ನು ಎಡಗೈಯಿಂದ ಆರಿಸುತ್ತಿದ್ದಳು. ಅವನು ಹಿಂದೆ ಹೋಗಿ ಕುಳಿತು ಗಂಟು ಬಿಚ್ಚತೊಡಗಿದ. ಹೆಚ್ಚಿಗೆ ಹಾಕಿದ್ದ ಗಂಟು ಬಿಚ್ಚುವುದಕ್ಕೇ ತಡವಾಯಿತು.

“ಇನ್ನೂ ಒಂದ ದಿನ ಐತಲ್ರಿ,” ಅಂದಳು.

“ಬ್ಯಾಡ ಇನ್ನ. ನಂದ ತಪ್ಪಾತು.”

ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಆ ಬಾಯಿಂದ ಮೊದಲ ಸಲ ಬಂದದ್ದು. ಸಂಗವ್ವ ಎಲ್ಲಿ ನೋಡಬೇಕೋ ತಿಳಿಯದೆ ಗೋದಿಯನ್ನೇ ನೋಡಿದಳು. ಪಟ್ಟಿ ಬಿಚ್ಚಿದ ಕಡೆ ಚರ್ಮ ಕೆಂಪಾಗಿ ಗೆರೆ ಬಿದ್ದಿತ್ತು. ಕೈ ಎತ್ತೆಂದ. ಎತ್ತಿದಳು. ತೋಳು ಮೈ ಬಿಟ್ಟು ಒಂದು ಗೇಣು ಬಂದು ನಿಂತಿತು.

ಅವನು ಪಟ್ಟಿಯನ್ನು ಕೈಯಲ್ಲಿ ಸುತ್ತುತ್ತ ಕುಳಿತ. ಎಲ್ಲ ಸರಿ, ಹಲಗಿ ಮೊದಲಿನಿಂದಲೂ ಹಾಗೇ ಇದ್ದರೆ ಈ ಬೇನೆ ಎಲ್ಲಿಂದ ಬಂತು? “ಯಾವಾಗ ಸುರು ಆತು ಇದು?” ಎಂದು ಕೇಳಿದ.

“ಈಗ ಕೇಳಾಕತ್ತೀರಿ. ಇಷ್ಟ ದಿನಾ ತಿರಗು ಅಂದ್ರಿ, ಬೆನ್ನ ಮಾಡು ಅಂದ್ರಿ. ನನ್ನ ಬೆನ್ನಿಗಿ ಕೇಳಿದ್ರಿ, ನನಗ ಕೇಳಲಿಲ್ಲ.”

“ಈಗ ಕೇಳೀನಿ. ಹೇಳು.”

“ನೆಪ್ಪಿಲ್ರಿ. ದಸರಾಕ ಗಿರಣಿ ಬಂತಲ್ಲ, ಅದಾದ ಮ್ಯಾಲ.”

ದಸರೆಗೆ ಊರಿಗೆ ಇಂಜಿನ್ನಿನ ಹಿಟ್ಟಿನ ಗಿರಣಿ ಬಂದದ್ದು ನಿಜ. ಅಂದಿನಿಂದ ಮನೆಮನೆಯ ಬೀಸುವ ಕಲ್ಲು ಮೂಲೆ ಸೇರಿದ್ದವು. ಇವರ ಕಲ್ಲಿನ ಮೇಲೆ ಕೋಳಿ ಬುಟ್ಟಿ ಕುಳಿತಿತ್ತು. ಅಮಸಿದ್ದ ತಲೆ ಕೆರೆದುಕೊಂಡ.

“ಗಿರಣಿ ಬಂದ್ರ ಕೈಗಿ ಸುಖಾ ಆಗಬೇಕಲ್ಲ?”

“ನನಗೇನ ಗೊತ್ತ್ರಿ. ಕೇಳಿದ್ರಿ, ಹೇಳಿದ್ನಿ.” ಅವಳು ಮೊರ ಬದಿಗಿಟ್ಟಳು. “ಹಣಮವ್ವಗ ಸಜ್ಜಕದ ಗೋದಿ ಒಡೀಬೇಕು. ಗಿರಣ್ಯಾಗ ಒಡಿಸಿದ್ರ ಎಣ್ಣಿ ವಾಸನಿ ಬರತೈತಿ, ಬಾಣಂತಿಗಿ ಆಗೂದಿಲ್ಲ. ಯಮನವ್ವ ಹೊಲಕ್ಕ ಹೋಗ್ಯಾಳ. ಡಾಕ್ಟರ ಬ್ಯಾರೆ ಕೈ ಆಡಸು ಅಂದಿದ್ರು. ಬರ್ರಿ, ನೀವ ಕುಂದ್ರಿ.”

“ನಾ ಬೀಸಬೇಕಾ?”

“ಇಲ್ಲಿ ಮತ್ತ ಯಾರ ಅದಾರ?”

ಗಂಡಸು ಬೀಸುವ ಕಲ್ಲಿನ ಮುಂದೆ ಕುಳಿತದ್ದನ್ನು ಬಾಲಗಾಂವದಲ್ಲಿ ಯಾರೂ ಕಂಡಿರಲಿಲ್ಲ. ಅಮಸಿದ್ದ ಎದ್ದು ಹೋಗಿ ಮುಂಬಾಗಿಲ ಅಗಳಿ ಹಾಕಿ ಬಂದ, ಹಿತ್ತಲ ಬಾಗಿಲನ್ನೂ ಮುಚ್ಚಿದ. ಕೋಳಿ ಬುಟ್ಟಿ ಸರಿಸಿ, ಕಲ್ಲು ಒರೆಸಿ, ಅವಳ ಎದುರಿಗೆ ಕಾಲು ಚಾಚಿ ಕುಳಿತ. ಸಂಗವ್ವ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಗೂಟದ ಬುಡಕ್ಕೆ ಇಟ್ಟಳು. ಅವನು ಮೇಲೆ ಹಿಡಿದ. ಅವಳು ಎಡಗೈಯಿಂದ ಒಂದು ಹಿಡಿ ಗೋದಿ ಕಲ್ಲಿನ ಬಾಯಿಗೆ ಹಾಕಿದಳು.

ಮೊದಲ ಸುತ್ತಿಗೇ ಅವಳ ಮುಖ ಕಿವುಚಿತು. ಅವನು ನಿಲ್ಲಿಸಿದ.

“ನಿಂದ್ರಸಬ್ಯಾಡ್ರಿ. ಹಗೂರಕ ಎಳೀರಿ. ನೀವ ಎಳದಷ್ಟ ಬರತೈತಿ ಅದು.”

ಅವನು ಮೆಲ್ಲಗೆ ಎಳೆದ. ಕಲ್ಲಿನ ಭಾರ ಅವನ ಕೈಯಲ್ಲಿ, ಅವಳ ಕೈ ಬರೀ ಜೊತೆಗೆ ಹೋಗುತ್ತಿತ್ತು. ನೋವು ಹಿಡಿದಲ್ಲಿ ಅವಳು ‘ಹಾಂ’ ಅನ್ನುವಳು, ಅವನು ಅಲ್ಲಿ ಬಿಟ್ಟು ತಿರುಗಿಸುವನು. ಐದಾರು ಸುತ್ತು ಆದ ಮೇಲೆ ‘ಹಾಂ’ ಒಂದಿಷ್ಟು ತಡವಾಗಿ ಬರತೊಡಗಿತು. ಕಲ್ಲಿನ ಅಂಚಿನಿಂದ ನುಚ್ಚು ಉದುರಿತು. ಸಂಗವ್ವನ ಹಣೆಯಲ್ಲಿ ಬೆವರು ಬಂದಿತ್ತು. ಆದರೆ ಮುಖ ಅಷ್ಟು ಬಿಗಿದಿರಲಿಲ್ಲ.

“ಕಡಿಮಿ ಆತೇನು?” ಎಂದ ಆಸೆಯಿಂದ.

“ಇಲ್ರಿ. ಆದರ ಕಟ್ಟಿದಾಗಿನ ಬ್ಯಾನಿ ಅಲ್ಲ ಇದು. ಬ್ಯಾರೆ.”

ಬೇರೆ ಅಂದರೆ ಏನು? ಅದು ಒಳ್ಳೆಯ ಬೇನೆಯೋ ಕೆಟ್ಟ ಬೇನೆಯೋ? ಅಮಸಿದ್ದನಿಗೆ ತಿಳಿಯಲಿಲ್ಲ. ಈ ಸಲ ತಿಳಿದವರಂತೆ ಮಾತಾಡಲಿಲ್ಲ. ಅಷ್ಟರಮಟ್ಟಿಗೆ ಅವನು ಜಾಣನಾಗಿದ್ದ.

ದಿನಾ ಮಧ್ಯಾಹ್ನ ಬಾಗಿಲು ಮುಚ್ಚಿ ಇಬ್ಬರೂ ಬೀಸಿದರು. ಗೋದಿ ಮುಗಿಯಿತು, ಜೋಳ ತಂದರು. ಬಾಗಿಲು ಮುಚ್ಚಬಹುದು, ಕಲ್ಲಿನ ಸಪ್ಪಳ ಮುಚ್ಚಲಾಗುವುದಿಲ್ಲ. ವಾರದೊಳಗೆ ಗುರಪ್ಪ ಬಾವಿಯ ಮೇಲೆ, “ಕಾಕಾನೂ ಗಿರಣಿ ಹಾಕ್ಯಾನಂತ, ಇಂಜಿನ್ ಇಲ್ದಽ ನಡೀತೈತಂತ,” ಎಂದು ಸಾರಿದ. ಅಮಸಿದ್ದ ತಲೆ ತಗ್ಗಿಸಿ ಕೊಡ ತುಂಬಿಕೊಂಡು ಬಂದ. ಸಂಗವ್ವನ ಕೈ ಆಗ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದರ ಮುಂದೆ ಗುರಪ್ಪನ ಮಾತಿಗೆ ಯಾವ ಬೆಲೆಯೂ ಇರಲಿಲ್ಲ.

ಹಳೆಯ ಚಟ ಪೂರ್ತಿ ಬಿಟ್ಟಿತ್ತೆಂದು ಹೇಳಲಾರೆ. ಬೀಸುವುದೇ ಮದ್ದು ಎಂದು ಅವನು ಬಸಗೊಂಡನಿಗೂ ಬೀಸಲು ಹೇಳಿದ. ಬಸಗೊಂಡ ಮೂರು ದಿನ ಬೀಸಿ, ನಾಲ್ಕನೆಯ ದಿನ ಹೆಗಲು ಹಿಡಿದುಕೊಂಡು ಬಂದು ಬಾಯಿಗೆ ಬಂದಂತೆ ಬೈದು ಹೋದ. ಅಮಸಿದ್ದ ಅಂದು ಸಂಗವ್ವನ ಎದುರು ಕುಳಿತು, “ಅಂವಗ ಯಾಕ ಆಗಲಿಲ್ಲ? ನಿನಗ ಗಿರಣಿಯಿಂದ ಬಂದಿತ್ತೋ, ಏನೋ ಬ್ಯಾರೆ ಇತ್ತೋ?” ಎಂದು ಕೇಳಿದ.

“ಗಿರಣಿ ಅಂತ ನಾ ಯಾವಾಗ ಅಂದ್ನಿ? ಗಿರಣಿ ಬಂದ ಮ್ಯಾಲ ಅಂದ್ನಿ. ಬೀಸ್ರಿ ಸುಮ್ಮ,” ಅಂದಳು ಸಂಗವ್ವ.

ಶಿವರಾತ್ರಿಯ ಮೇಲೆ ಹಣಮವ್ವ ಬಂದಳು. ಅಪ್ಪ ಬೀಸುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯುಗಾದಿಯಾಗಿ ಎಂಟು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ಸಂಗವ್ವನ ಕೈ ಆಗ ಹೆಗಲ ಮಟ್ಟಕ್ಕೆ ಬಂದಿತ್ತು. ತಲೆಯ ಮೇಲೆ ಇನ್ನೂ ಹೋಗುತ್ತಿರಲಿಲ್ಲ, ಜಡೆಯನ್ನು ಮಗಳೇ ಹೆಣೆಯಬೇಕು. ಆದರೆ ಕೂಸಿಗೆ ಎರೆಯುವುದಕ್ಕೆ ತಲೆಯ ಮೇಲೆ ಕೈ ಹೋಗಬೇಕಾಗಿಲ್ಲ.

ಹಿತ್ತಲ ಬಚ್ಚಲಿನಲ್ಲಿ ಅವಳು ಕಾಲು ಚಾಚಿ ಮಣೆಯ ಮೇಲೆ ಕುಳಿತಳು. ಯಮನವ್ವ ನೀರು ಹದ ಮಾಡಿ ಕೊಟ್ಟಳು. ಎಣ್ಣೆ ಹಚ್ಚಿದ ಮೈ ಜಾರುತ್ತಿತ್ತು. ಸಂಗವ್ವನ ಬಲಗೈ ಕೂಸಿನ ಬಗಲಲ್ಲಿ ಗಟ್ಟಿಯಾಗಿ ನಿಂತಿತ್ತು. ಎದೆ, ಹೊಟ್ಟೆ, ಕಾಲು ತಿಕ್ಕಿ, ಕೂಸನ್ನು ಬೋರಲು ಮಲಗಿಸಿದಳು. ಬೆನ್ನ ಮೇಲೆ ಎಣ್ಣೆ ಸವರುವಾಗ ಅವಳ ಕೈ ಒಂದು ಗಳಿಗೆ ನಿಂತಿತು.

“ಇಲ್ಲಿ ಬರ್ರಿ. ನೋಡ್ರಿ ಇದನ್ನ,” ಎಂದು ಗಂಡನನ್ನು ಕರೆದಳು.

ಅಮಸಿದ್ದ ಬಂದು ಕುಕ್ಕರಗಾಲಲ್ಲಿ ಕುಳಿತ. ಅಂಗೈಯಗಲದ ಬೆನ್ನು. ಅದರ ಮೇಲೆ ಎರಡು ಪುಟ್ಟ ಹಲಗಿ, ಎಣ್ಣೆಯ ಹೊಳಪಿನಲ್ಲಿ ಎದ್ದು ಕಾಣುತ್ತಿದ್ದವು. ಕೂಸು ಅಳುತ್ತ ಕೈ ಬಡಿದಾಗ ಎರಡೂ ಚರ್ಮದ ಕೆಳಗೆ ಜಾರಾಡುತ್ತಿದ್ದವು. ಬಲಗಡೆಯದು ಎಡಗಡೆಗಿಂತ ಕೆಳಗಿತ್ತು. ಅಥವಾ ಕೂಸು ಸೊಟ್ಟ ಮಲಗಿತ್ತೋ? ಅವನು ಈ ಕಡೆಯಿಂದ ನೋಡಿದ, ಆ ಕಡೆಗೆ ಬಗ್ಗಿ ನೋಡಿದ. ಗೊತ್ತಾಗಲಿಲ್ಲ. ಅವನ ಬಲಗೈಯ ಹೆಬ್ಬೆರಳು ತಾನಾಗಿ ಮುಂದಕ್ಕೆ ಹೋಯಿತು.

“ಮುಟ್ಟಬ್ಯಾಡ್ರಿ,” ಅಂದಳು ಸಂಗವ್ವ. “ನೋಡಾಕ ಕರದೀನಿ.”

ಅಮಸಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಎರಡೂ ಅಂಗೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ನೀರು ಎರೆದು ಮುಗಿಯುವ ತನಕ ನೋಡುತ್ತ ಕುಳಿತ.